ಷರಾ

ಬೈತಖೋಲದ ಬಂದರು ಕಚೇರಿಯಲ್ಲಿ
ಹನ್ನೊಂದು ದಿನದಿಂದ ನನಗೆ ಒಬ್ಬನೇ ಗಿರಾಕಿ,
ಡಾಂಬರು ಹಡಗಿನ ಅಡುಗೆಯವ.
ಮಾಲೀಕ ದಿವಾಳಿ, ಹಡಗಿಗೆ ಲಂಗರು,
ಇವನಿಗೆ ಬೆಳಗಿನಿಂದ ಬೈಗಿನವರೆಗೆ ದಡದ ಪಾಸು.
ಹೆಸರು: ಎವಾರಿಸ್ತೊ. ದೇಶ: ಮೆಕ್ಸಿಕೊ.
ಜೊತೆಗೆ ತಂದದ್ದು: ಏನೂ ಇಲ್ಲ.
ಏನೂ ಇಲ್ಲ, ಏನೂ ಇಲ್ಲ, ಹನ್ನೊಂದು ಸಲ
ಬರೆದೂ ಬರೆದೂ ಆ ಕಾಲಮ್ಮಿನಲ್ಲಿ
ನನ್ನ ಅಕ್ಷರ ಮುತ್ತಿನಂತಾಗಿದೆ.

ಹನ್ನೆರಡನೆಯ ದಿನ ತಲೆ ಬಾಚಿ,
ಇಸ್ತ್ರಿ ಮಾಡಿದ ಕಮೀಸು ತೊಟ್ಟು ಬಂದ.
ಗೋಡೆಯ ಕ್ಯಾಲೆಂಡರಿನಲ್ಲಿ ಸಪ್ಟೆಂಬರ್ ಹದಿನಾರರ ಮೇಲೆ
ಬೆರಳಿಟ್ಟು ನಿಂತ.
ಮನೆಮಾತು ಕೊಂಕಣಿಯ ಪಾಸ್ಕು ಡಯಾಸ್
ಕೈ ಬಾಯಿ ಎರಡರಲ್ಲೂ ತರ್ಜುಮೆ ಮಾಡಿದ:
ಇವತ್ತು ಇವರಲ್ಲಿ ಹಬ್ಬ, ಬಾಯೀ.
ಗಂಟೆ ಹೊಡೆದು ಊರಿಗೆ ಊರೇ ಕೂಗಬೇಕಂತೆ.
ಒಬ್ಬನೇ ಕೂಗಿದರೆ ಹುಚ್ಚು ಅಂತಾರಲ್ಲ.

ಕಡತ ಸರಿಸುತ್ತ ಪಾಸ್ಕು ಮೇಜು ಅಂದ.
ಮೆಸಾ! ಅಂದ ಅವನು.
ಬಾಲ್ದಿ? ಬಾಲ್ದೆ. ತುವಾಲು? ತೊವಾಯಾ.
ಜವಾನ ದತ್ತು ಓಡಿಹೋಗಿ ಕಿಟಕಿ ತಟ್ಟಿದ.
ಅದು ಮಾತ್ರ ಹೊಂದಲಿಲ್ಲ.
ಕಿಟಕಿ ನಮಗೇ ಉಳಿಯಿತು,
ಆಚೆ ಮಳೆಯಲ್ಲಿ ಅರ್ಧ ಅಳಿಸಿದ ಕೂರ್ಮಗಡವೂ.

ಒಂದೂವರೆಗೆ ಡಬ್ಬಿಗಳು ತೆರೆದವು.
ನನ್ನದರಲ್ಲಿ ಬಾಂಗಡೆ ಸಾರು, ಶೇವಂತಿ ಪೆಡ್ನೇಕರಳದು ಬಟಾಟೆ,
ಧಾರವಾಡ ಕಡೆಯಿಂದ ವರ್ಗವಾಗಿ ಬಂದ ಹೂಲಿಕಟ್ಟಿ ಸಾಹೇಬರದು
ರೊಟ್ಟಿ, ಟೊಮೆಟೊ ಚಟ್ನಿ, ಕೆಂಪು ಖಾರ.
ಅವನು ಉಣ್ಣಲಿಲ್ಲ ಮೊದಲು. ನೋಡಿದ.
ಮನೆಬಿಟ್ಟ ತಮ್ಮ ಸಂತೆಯಲ್ಲಿ ಸಿಕ್ಕಂತೆ
ಒಂದು ಒಣಮೆಣಸಿನಕಾಯಿ ಎತ್ತಿ ಮೂಸಿದ.
ನಮ್ಮದು, ಅಂದ. ಟೊಮೆಟೊ ನಮ್ಮದು.
ದತ್ತುವಿನ ಕೈಯ ಪೇರಲ, ಅದೂ.
ಬಟಾಟೆ? ಕೈ ಬೀಸಿದ, ಅದು ಕೆಳಗಿನವರದು, ಬೆಟ್ಟದವರದು.
ಗೇರುಬೀಜ ಮುಟ್ಟಲಿಲ್ಲ, ಅದಕ್ಕೂ ಬೇರೆ ವಾರಸುದಾರ.

ಏ, ಬ್ಯಾಡಗಿ ನಮ್ದ್ರೀ! ಎದ್ದೇಬಿಟ್ಟರು ಸಾಹೇಬರು,
ನಮ್ಮಜ್ಜನ ಅಜ್ಜನೂ ತಿಂದಾನ!
ಆಮೇಲೆ ಅಗಿಯುತ್ತ ಅಗಿಯುತ್ತ ತಣ್ಣಗಾಗಿ:
ಅಲ್ಲೇನ್ರಿ, ನಾಲ್ಕುನೂರು ವರ್ಷ ಕುಂತಮ್ಯಾಲೆ
ಅದಕ್ಕೂ ಪಾಸ್ ಕೇಳೋದು?

ನನಗೆ ಹೊಳೆದದ್ದು ಇಷ್ಟೆ:
ಕಾಳುಮೆಣಸು ಹುಡುಕಿ ಬಂದ ಹಡಗುಗಳು
ಕಾಯಿ ಇಳಿಸಿ ಹೋದವು.
ಹೊಸಬಳನ್ನು ಮನೆಗೆ ತುಂಬಿಸಿಕೊಂಡ ಹಾಗೆ
ನಾವು ನಮ್ಮ ಕಾಳಿನ ಹೆಸರನ್ನೇ ಅದಕ್ಕಿಟ್ಟೆವು.

ಸಾರಿನ ತೆಂಗು ನಾಲಿಗೆಗೆ ತಾಗಿದ್ದೇ ತಡ
ಅವನು ಚಮಚ ಕೆಳಗಿಟ್ಟ.
ಇದು ನಿಮ್ಮ ಕಡಲಿಂದ ನಮ್ಮಲ್ಲಿಗೆ ಬಂದದ್ದು, ಅಂದ.
ಅವನೂರಿನಲ್ಲೂ ತೆಂಗಿನ ಮರಕ್ಕೆ ಮಡಕೆ ಕಟ್ಟುತ್ತಾರಂತೆ,
ಅವನ ಅಪ್ಪ ಕಟ್ಟುತ್ತಿದ್ದನಂತೆ.
ಅಪ್ಪನ ಮಾತು ಅಲ್ಲಿಗೇ ನಿಂತಿತು.
ಪಾಸ್ಕುವೂ ಮುಂದೆ ಕೇಳಲಿಲ್ಲ.

ಜಗುಲಿಯಲ್ಲಿ ಹಳೆಯ ಮಂಜುಗಂಟೆ,
ಸೈರನ್ ಬಂದ ಮೇಲೆ ಗುಬ್ಬಿಗಳ ಪಾಲು.
ಬಾರಿಸೋ, ಅಂದರು ಸಾಹೇಬರು, ಜವಾಬ್ದಾರಿ ನಂದು.
ಹೊಡೆದ. ಕೂಗಿದ. ವಿವಾ ಅಂದರೇನೆಂದು ಕೇಳದೆ
ನಾವು ಐದು ಮಂದಿ ಸರ್ಕಾರಿ ನೌಕರರು
ಕಚೇರಿ ವೇಳೆಯಲ್ಲಿ ಮೂರು ಸಲ ಕೂಗಿದೆವು.
ದೋಣಿ ಮುಳುಗಿತೆಂದು ಹರಿಕಂತ್ರರ ಹುಡುಗರು
ಬಲೆ ಬಿಸುಟು ಓಡಿಬಂದರು,
ಬೈದರು, ಪೇರಲ ತಿಂದು ಹೋದರು.

ಸಂಜೆ ಅವನು ದಸ್ಕತ್ತಿಗೆ ನಿಂತ.
ಜೊತೆಗೆ ತಂದದ್ದು:
ಪೆನ್ನು ಅಲ್ಲೇ ಬಹಳ ಹೊತ್ತು ನಿಂತಿತು.
ನಿಯಮ ನಿಯಮವೇ, ಏನೂ ಇಲ್ಲ ಎಂದೇ ಬರೆದೆ,
ತೊಳೆದರೂ ಹೋಗದ ಸಾರಿನ ಬಣ್ಣ
ಹೆಬ್ಬೆರಳಿನಿಂದ ಹಾಳೆಗೆ ಹತ್ತಿತು.

ಮಾರ್ಚಿನಲ್ಲಿ ಆಡಿಟ್ಟಿನವರು ಬಂದರು.
ಹಡಗು ಆಗಲೇ ಇರಲಿಲ್ಲ.
ಹದಿನಾರನೆಯ ತಾರೀಕಿಗೆ ಕೆಂಪು ಗೀಟು ಹಾಕಿ,
ಏನಮ್ಮ ಇದು ಕಲೆ, ಅಂದರು.
ಷರಾ ಕಾಲಮ್ಮು ಖಾಲಿ ಇತ್ತು.
ಬರೆಯಲು ಒಂದು ವಾರ ಗಡುವು ಕೊಟ್ಟಿದ್ದಾರೆ.